ನಾತಾಳ ಸೂಟಿಯ ಹುಗ್ಗಿ

ನಮ್ಮ ಮನೆಗೆ ಹಬ್ಬಗಳನ್ನು ಕೊಡುವುದು ಪಂಚಾಂಗ. ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ದಿನಗಳನ್ನು ಮಾತ್ರ ಕೊಡುವವನು ಏಸು. ಇದನ್ನು ನಾನು ಒಮ್ಮೆ ಮಾವನವರ ಎದುರಿಗೇ ಅಂದಿದ್ದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ನಾಲಿಗಿ ಭಾಳ ಉದ್ದ ಆಗ್ಯದ” ಎಂದು ಮತ್ತೆ ಪೇಪರಿನಲ್ಲಿ ತಲೆ ಹುದುಗಿಸಿದ್ದರು. ಆದರೆ ನಾನು ಅಂದದ್ದು ಸುಳ್ಳೇನಲ್ಲ. ನನ್ನ ಗಂಡ ನಮ್ಮ ಇಂಡಿ ಊರಿನ ಕೋರ್ಟಿನಲ್ಲಿ ಗುಮಾಸ್ತ. ದೀಪಾವಳಿಗೆ ಅವರಿಗೆ ಸಿಗುವ ರಜೆ ಎಣ್ಣೆ ಹಚ್ಚಿ ನೀರು ಹಾಕಿಕೊಳ್ಳುವುದಕ್ಕೆ ಸಾಲುತ್ತದೆ, ಅಷ್ಟೇ. ಕೋರ್ಟು ವಾರಗಟ್ಟಲೆ ಬಾಗಿಲು ಹಾಕುವುದು ಕ್ರಿಸ್‌ಮಸ್ಸಿಗೆ. ನನ್ನ ನಾದಿನಿ ಮುದ್ದೇಬಿಹಾಳದಲ್ಲಿ ಕ್ರೈಸ್ತ ಸಿಸ್ಟರುಗಳು ನಡೆಸುವ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ದಸರೆಗೆ ಊರಿನ ಮಕ್ಕಳೆಲ್ಲ ಓಣಿಯಲ್ಲಿ ಕುಣಿಯುವಾಗ ಅವಳ ಶಾಲೆ ನಡೆದೇ ಇರುತ್ತದೆ. ಅಲ್ಲಿ ಕತ್ತರಿಸಿದ ಸೂಟಿಯನ್ನು ಡಿಸೆಂಬರಿನಲ್ಲಿ ಸೇರಿಸಿ ಕೊಡುತ್ತಾರೆ. ಇನ್ನು ನಾನು ತಾಲೂಕು ಕಚೇರಿಯವಳು. ವರ್ಷವಿಡೀ ಜ್ವರ ಬಂದರೂ ಹಾಕದೆ ಉಳಿಸಿಟ್ಟ ಸಿ.ಎಲ್.ಗಳು ಡಿಸೆಂಬರ್ ಮುಗಿದರೆ ಹಾಳಾಗುತ್ತವೆ. ಹೀಗಾಗಿ ಮೂವರಿಗೂ ಕೂಡಿಬರುವುದು ಅದೊಂದೇ ಸಮಯ. ಮಾವನವರು ಇಂದಿಗೂ ಮರಾಠಿ ರೂಢಿಯಂತೆ ಅದನ್ನು ನಾತಾಳ ಸೂಟಿ ಎನ್ನುತ್ತಾರೆ.

ನಾದಿನಿ ಮುದ್ದೇಬಿಹಾಳದ ಬಸ್ಸಿನಿಂದ ಇಳಿದು ಬರುವಾಗ ಕೈಯಲ್ಲಿ ಒಂದು ಕೇಕಿನ ಡಬ್ಬಿ ಇರುತ್ತದೆ. ಇವಳಿಗೆಂದೇ ಸಿಸ್ಟರುಗಳು ತತ್ತಿ ಹಾಕದೆ ಮಾಡಿದ ಕೇಕು. ಅತ್ತೆಯವರು ಪ್ರತಿ ವರ್ಷ ಬಾಗಿಲಲ್ಲೇ ನಿಂತು, “ತತ್ತಿ ಹಾಕಿಲ್ಲಲಾ?” ಎಂದು ಕೇಳುತ್ತಾರೆ. ಹಾಕಿಲ್ಲ ಎಂದು ಹೇಳಿದ ಮೇಲೂ ಡಬ್ಬಿಗೆ ಅಡುಗೆಮನೆಯ ಪ್ರವೇಶವಿಲ್ಲ. ಅದನ್ನು ಪಡಸಾಲೆಯ ಕಿಟಕಿಯಲ್ಲಿ ಇಟ್ಟಿರುತ್ತೇವೆ. ಹೋಗುವಾಗ ಬರುವಾಗ ಎಲ್ಲರೂ ಒಂದೊಂದು ಚೂರು ಮುರಿಯುತ್ತಾರೆ. ಮಾವನವರು ಮುರಿಯುವುದನ್ನು ಯಾರೂ ನೋಡಿಲ್ಲ, ಆದರೆ ಮಧ್ಯಾಹ್ನ ಅವರು ಒಬ್ಬರೇ ಪಡಸಾಲೆಯಲ್ಲಿ ಮಲಗಿ ಎದ್ದ ಮೇಲೆ ಕೇಕು ಸಣ್ಣದಾಗಿರುತ್ತದೆ. ನನ್ನ ಮಗಳು ದೀಪಾವಳಿಯಲ್ಲಿ ಕಟ್ಟಿದ ಆಕಾಶಬುಟ್ಟಿಯನ್ನು ಇಳಿಸಲು ಬಿಡುವುದಿಲ್ಲ. ಅದೇ ಕ್ರಿಸ್‌ಮಸ್ಸಿನ ಚುಕ್ಕಿ ಎನ್ನುತ್ತಾಳೆ. ಸಾಲಿಯಲ್ಲಿ ಟೀಚರು ಹಾಗೆ ತೂಗುಹಾಕಿದ್ದಾರಂತೆ.

ಈ ಸೂಟಿ ಬೀಳುವುದು ಸರಿಯಾಗಿ ಧನುರ್ಮಾಸದಲ್ಲಿ. ನಮ್ಮಂಥ ವೈಷ್ಣವರ ಮನೆಗಳಲ್ಲಿ ಆ ತಿಂಗಳು ಬೆಳಗಾಗುವುದರೊಳಗೆ ಪೂಜೆ ಮುಗಿಯಬೇಕು, ದೇವರಿಗೆ ಅಕ್ಕಿ ಹೆಸರುಬೇಳೆಯ ಹುಗ್ಗಿ ನೈವೇದ್ಯವಾಗಬೇಕು. ಅತ್ತೆಯವರು ಆ ಥಂಡಿಯಲ್ಲಿ ಎದ್ದು ಸ್ನಾನ ಮಾಡಿ, ಗಳದ ಮೇಲಿನ ಮಡಿ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟು ಒಲೆಯ ಮುಂದೆ ನಿಲ್ಲುತ್ತಾರೆ. ಮಡಿಯಲ್ಲಿರುವವರನ್ನು ಯಾರೂ ಮುಟ್ಟುವಂತಿಲ್ಲ. ಮೆಣಸು, ಜೀರಿಗೆ, ತುಪ್ಪದ ವಾಸನೆ ಹಾಸಿಗೆಯ ತನಕ ಬಂದಾಗ ನಾವೆಲ್ಲ ಏಳುತ್ತೇವೆ. ಹೊರಗೆ ಇನ್ನೂ ನಸುಕು. ಹುಗ್ಗಿ, ಹುಣಸೆಯ ಗೊಜ್ಜು, ಮೇಲೆ ಇನ್ನಷ್ಟು ತುಪ್ಪ. ಆ ಹೊತ್ತಿನಲ್ಲಿ ಶಾಲು ಹೊದ್ದುಕೊಂಡು ಎಲ್ಲರೂ ಸಾಲಾಗಿ ಕೂತು ಉಣ್ಣುವಾಗ ನನಗೆ ಈ ಮನೆಯ ಮೇಲೆ ಇರುವ ಎಲ್ಲ ಸಿಟ್ಟೂ ಇಳಿದುಹೋಗುತ್ತದೆ. ಒಂದು ತಾಸಿನ ಮಟ್ಟಿಗೆ.

ಧನುರ್ಮಾಸಕ್ಕೆ ಇನ್ನೊಂದು ಗುಣವಿದೆ. ಅದು ದೇವರ ತಿಂಗಳು, ಆದ್ದರಿಂದ ಮನುಷ್ಯರ ಶುಭಕಾರ್ಯಕ್ಕೆ ಅಲ್ಲಿ ಜಾಗವಿಲ್ಲ. ಮದುವೆ ಇಲ್ಲ, ಮಾತುಕತೆ ಇಲ್ಲ, ಕನ್ಯಾ ನೋಡುವುದಂತೂ ಇಲ್ಲವೇ ಇಲ್ಲ. ಏನಿದ್ದರೂ ಸಂಕ್ರಮಣದ ನಂತರ.

ನಾನು ಹೇಳಹೊರಟ ವರ್ಷ ನಾದಿನಿ ಸೂಟಿಗೆ ಬಂದವಳು ಎಂದಿನಂತೆ ಇರಲಿಲ್ಲ. ಕೇಕಿನ ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಅದರ ಮುಚ್ಚಳ ತೆಗೆಯುವುದನ್ನೇ ಮರೆತಳು. ಮಾರನೆಯ ದಿನ ಹಿತ್ತಲಲ್ಲಿ ಹಸಿಕಡಲೆ ಸುಲಿಯುತ್ತ ಕೂತಾಗ ನನಗೊಬ್ಬಳಿಗೇ ಹೇಳಿದಳು. ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರುಗಳೆಲ್ಲ ಪೇಪರ್ ತಿದ್ದಲು ವಿಜಯಪುರಕ್ಕೆ ಹೋಗುತ್ತಾರಲ್ಲ, ಅಲ್ಲಿ ಒಂದೇ ಟೇಬಲ್ಲಿನಲ್ಲಿ ಕೂಡುತ್ತಿದ್ದ ಸಿಂದಗಿಯ ಮಾಸ್ತರೊಬ್ಬರು. ನಮ್ಮವರೇ. ಅವರೂ ಮದುವೆಯಾಗದೆ ಉಳಿದವರು. ಒಬ್ಬರ ಬುತ್ತಿ ಒಬ್ಬರು ಉಂಡಿದ್ದರು, ಅಷ್ಟೇ ಪರಿಚಯ. ಹೋದ ಸಲ ಅವರು ಬಾಯಿಬಿಟ್ಟು ಕೇಳಿದ್ದರು.

“ನೀ ಏನಂದಿ?” ಎಂದೆ.

“ಮನ್ಯಾಗ ಕೇಳಸ್ರಿ ಅಂದೆ, ವೈನಿ.”

ಅವರು ಕೇಳಿಸಿಯೂ ಇದ್ದರು. ಯಾರೋ ಸಂಬಂಧಿಕರ ಮೂಲಕ ಜಾತಕ ಬಂದು ಹೋಗಿತ್ತು, ಕೂಡಿಯೂ ಇತ್ತು. ಮಾವನವರು ಸಂಕ್ರಮಣದ ನಂತರ ನೋಡೋಣ ಎಂದಿದ್ದರು. ಆದರೆ ಹುಡುಗನ ತಾಯಿಗೆ ಬಸವನ ಬಾಗೇವಾಡಿ ತವರು. ಅಲ್ಲಿ ಅವರ ಅಣ್ಣ ಒಂದು ಕನ್ಯಾ ಗೊತ್ತುಮಾಡಿದ್ದ. ಸಂಕ್ರಮಣದ ಮರುದಿನವೇ ನೋಡಲು ಬರುತ್ತೇವೆ ಎಂದು ಆ ತಾಯಿ ಮಾತು ಕೊಟ್ಟಿದ್ದರು. ಹೋಗಿ ನೋಡಿದ ಮೇಲೆ ಅಣ್ಣನ ಮಾತು ಮೀರುವ ಹೆಣ್ಣುಮಗಳಲ್ಲ ಅವರು. ತಾಯಿಯ ಮಾತು ಮೀರುವ ಮಗನೂ ಅಲ್ಲ ಆತ. ಏನು ಆಗುವುದಿದ್ದರೂ ಅದಕ್ಕೆ ಮೊದಲೇ, ಎಂದರೆ ಈ ಸೂಟಿಯಲ್ಲೇ, ಆ ತಾಯಿ ನಮ್ಮ ಹುಡುಗಿಯನ್ನು ಒಮ್ಮೆ ನೋಡಿ ಒಪ್ಪಬೇಕಿತ್ತು.

ನಾದಿನಿ ಯಾರ ಮುಂದೆಯೂ ಕೂಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ನಾನು ಈ ಮನೆಗೆ ಬಂದ ಹೊಸತರಲ್ಲಿ ಅವಳಿಗೆ ಸೀರೆ ಉಡಿಸಿ, ಹೆರಳು ಹಾಕಿ, ಅವಲಕ್ಕಿಯ ತಾಟು ಕೊಟ್ಟು ಕಳಿಸಿದ್ದು ಎಷ್ಟು ಸಲವೋ. ಒಬ್ಬರಿಗೆ ಬಣ್ಣ ಸಾಲಲಿಲ್ಲ, ಒಬ್ಬರಿಗೆ ನೌಕರಿ ಬೇಡವಾಗಿತ್ತು, ಒಬ್ಬರು ಏನನ್ನೂ ಹೇಳದೆ ಸುಮ್ಮನಾದರು. ಸುಮ್ಮನಾದವರದೇ ಎಲ್ಲಕ್ಕಿಂತ ಕೆಟ್ಟದ್ದು. ಫೋನು ಬಾರಿಸಿದಾಗೆಲ್ಲ ಮನೆಮಂದಿಯೆಲ್ಲ ಅವಳ ಮುಖ ನೋಡುತ್ತಿದ್ದರು. ಕಡೆಗೆ ಒಂದು ದಿನ, “ಇನ್ನ ಸಾಕು” ಎಂದಳು. ಮುದ್ದೇಬಿಹಾಳದಲ್ಲಿ ಬಾಡಿಗೆಗೆ ಖೋಲಿ ಹಿಡಿದಳು. ಅಂಥವಳು ಈಗ ಕಡಲೆ ಸಿಪ್ಪೆಯಲ್ಲಿ ಬೆರಳಾಡಿಸುತ್ತ, “ನನಗ ಇದು ಆಗಬೇಕು ಅನಸ್ತದ, ವೈನಿ” ಅಂದಾಗ ನಾನು ಕಡಲೆ ಅಲ್ಲೇ ಬಿಟ್ಟು ಎದ್ದೆ.

ನಾನು ಗಂಡನಿಗೆ ಹೇಳಿದೆ, ಗಂಡ ಅತ್ತೆಯವರಿಗೆ, ಅತ್ತೆಯವರು ಮಾವನವರಿಗೆ. ಮಾವನವರು ಹಲಸಂಗಿಯಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ನಿಯಮ ಮುರಿಯುವುದು ಅವರಿಗೆ ಗೊತ್ತಿಲ್ಲ, ಆದರೆ ನಿಯಮದೊಳಗೇ ಬಾಗಿಲು ಹುಡುಕುವುದು ಚೆನ್ನಾಗಿ ಗೊತ್ತು. ಒಂದು ದಿನವೆಲ್ಲ ಯೋಚಿಸಿ ತೀರ್ಪು ಕೊಟ್ಟರು.

“ಕನ್ಯಾ ನೋಡೂದು ಇಲ್ಲ. ಆದ್ರ ಧನುರ್ಮಾಸದಾಗ ಹುಗ್ಗಿ ಊಟಕ್ಕ ಯಾರನ್ನ ಬೇಕಾದ್ರೂ ಕರೀಬಹುದು. ಅವ್ರು ಬರ್ಲಿ, ಉಣ್ಲಿ, ಹೋಗ್ಲಿ. ಯಾರೂ ಆ ವಿಷಯ ಎತ್ತಬಾರದು. ಹುಡುಗೀನ ಕರದು ಕೂಡ್ರಸೂದು, ಹೆಸರು ಕೇಳೂದು, ಯಾವುದೂ ನಡಿಬಾರದು.”

ನಾದಿನಿಗೂ ಇದು ಹಿಡಿಸಿತು. ತಾಟು ಹಿಡಿದು ತಲೆ ಬಗ್ಗಿಸಿ ಕೂಡುವುದಿಲ್ಲವಲ್ಲ. ನನಗೂ ಬಲು ಜಾಣತನವೆಂದೇ ಅನಿಸಿತು. ನಾವೆಲ್ಲ ಎಷ್ಟು ಜಾಣರೆಂದು ಆಮೇಲೆ ಗೊತ್ತಾಯಿತು.

ಅವರು ಮೊದಲ ಬಸ್ಸಿಗೆ ಬಂದರು. ಹುಡುಗನ ತಂದೆ ರಾಯರು, ಅವರ ಹೆಂಡತಿ, ಮಗ. ಕೋರ್ಟಿನ ಸೂಟಿ ಶುರುವಾದ ಮರುದಿನ. ಅತ್ತೆಯವರು ಒಂದು ಉಪಾಯ ಮಾಡಿದ್ದರು. ಬಾಯಿಂದ ಹೇಳುವಂತಿಲ್ಲವಾದರೆ ಕೈಯಿಂದಾದರೂ ತೋರಿಸೋಣ ಎಂದು ಅಂದಿನ ಅಡುಗೆಯನ್ನೆಲ್ಲ ಮಗಳಿಗೇ ಒಪ್ಪಿಸಿದ್ದರು. ಹೀಗಾಗಿ ನಾದಿನಿ ನಸುಕಿನಿಂದಲೇ ಮಡಿಯಲ್ಲಿದ್ದಳು. ಬಂದವರು ಬಸ್ಸಿನಲ್ಲಿ ಎಲ್ಲರನ್ನೂ ಮುಟ್ಟಿಕೊಂಡು ಬಂದವರು, ಮೈಲಿಗೆ. ಅವರ ಹತ್ತಿರ ಅವಳು ಸುಳಿಯುವಂತಿಲ್ಲ. ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಊಟಕ್ಕೆ ಎಲೆ ಹಾಕಿದೆವು. ಹುಡುಗನ ತಾಯಿಗೆ ಮೊಣಕಾಲು ನೋವು, ಅವರಿಗೆ ಕುರ್ಚಿ ಟೇಬಲ್ಲು ಕೊಟ್ಟೆ. ಗುಂಡಗಿನ ಮುಖದ, ಕಡಿಮೆ ಮಾತಿನ ಹೆಂಗಸು. ನಾದಿನಿ ಕಚ್ಚೆ ಹಾಕಿ, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು, ಮಾರು ದೂರದಿಂದಲೇ ಬಡಿಸಿದಳು. ಕತ್ತು ಎತ್ತಲಿಲ್ಲ. ಹುಡುಗನೂ ಎಲೆಯಿಂದ ಕಣ್ಣು ತೆಗೆಯಲಿಲ್ಲ, ಗೊಜ್ಜನ್ನು ಮಾತ್ರ ಮೂರು ಸಲ ಹಾಕಿಸಿಕೊಂಡ. ತಾಯಿ ನಾದಿನಿಯನ್ನು ಉದ್ದೇಶಿಸಿ ಆಡಿದ ಮಾತೆಂದರೆ “ಸಾಕವಾ” ಎಂಬುದೊಂದೇ.

ಊಟವಾಯಿತು. ಪಡಸಾಲೆಯಲ್ಲಿ ಕೂತೆವು. ಹುಡುಗನ ತಾಯಿಯ ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಗಿ ಬರುತ್ತಿದ್ದುದನ್ನು ನಾನು ನೋಡಿದೆ. ಮಾವನವರು ರಾಯರಿಗೆ ಲಿಂಬೆ ತೋಟದ ಸಂಗತಿ ಹೇಳಿದರು. ರಾಯರು ಸಿಂದಗಿಯ ನೀರಿನ ಸಂಗತಿ ಹೇಳಿದರು. ನನ್ನ ಗಂಡ ತಾನು ಕಂಡ ಒಂದು ಬದುವಿನ ಜಗಳದ ಕೇಸನ್ನು ಮೊದಲಿನಿಂದ ಕಡೆಯ ತನಕ ಒಪ್ಪಿಸಿದರು. ನನಗೆ ತಡೆಯಲಾಗಲಿಲ್ಲ.

“ಕಾಕು, ಒಳಗ ಬರ್ರಿ, ನಮ್ಮ ಅಡಗಿಮನಿ ನೋಡೀರಂತ” ಎಂದು ಆ ತಾಯಿಯನ್ನು ಕರೆದು ಎದ್ದೆ.

“ಮಡಿ ಅದ” ಎಂದರು ಮಾವನವರು.

ಎದ್ದಿದ್ದ ಕಾಕು ಮತ್ತೆ ಕೂತರು. ಸ್ವಲ್ಪ ಹೊತ್ತಿಗೆ ರಾಯರು ವಾಚು ನೋಡಿಕೊಂಡರು. ಒಂದು ಚೀಲ ಲಿಂಬೆಹಣ್ಣು ಕೊಟ್ಟು, ಕಾಕುಗೆ ಕುಂಕುಮ ಹಚ್ಚಿ ಕಳಿಸಿದೆವು. ಅವರು ಓಣಿಯ ತಿರುವು ದಾಟಿದ ಮೇಲೆ ಮಾವನವರು ಎರಡೂ ಕೈ ಉಜ್ಜಿಕೊಂಡು, “ಭಾಳ ಚಲೋ ಆತು. ಒಂದs ಒಂದು ಮಾತು ಬರಲಿಲ್ಲ” ಎಂದರು. ಅಷ್ಟು ಸಂತೋಷವಾಗಿದ್ದರು.

ಸಂಜೆ ನಾದಿನಿಗೆ ಆ ಮಾಸ್ತರರಿಂದ ಫೋನು ಬಂತು. ಅವಳು ಹಿತ್ತಲಿಗೆ ಹೋಗಿ ಮಾತಾಡಿ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ನಾವೆಲ್ಲ ಅಲ್ಲೇ ಇದ್ದೆವು. ಫೋನು ಬಂದಾಗ ಅವಳ ಮುಖ ನೋಡುವ ಹಳೆಯ ಚಾಳಿ ನಮಗೆ ಹೋಗಿರಲಿಲ್ಲ.

“ನಿಮಗ ಮನಸಿಲ್ಲ ಅಂತ ತಿಳಕೊಂಡಾರ” ಎಂದಳು. “ಮಗಳನ್ನ ಕೊಡೋ ಮನಸಿದ್ದವ್ರು ಒಂದು ಗಳಿಗಿ ಬಾಜೂಕ ಕೂಡಸ್ತಿರಲಿಲ್ಲೇನು, ಒಳಗ ಹೊಂಟ್ರೂ ಬರಬ್ಯಾಡ ಅಂದ್ರು ಅಂತ ಅವ್ರ ತಾಯಿ ಬಸ್ಸಿನಾಗs ಕಣ್ಣೀರು ಹಾಕಿದ್ರಂತ. ಇನ್ನ ಬಾಗೇವಾಡಿದು ನೋಡೋಣ ಅಂದಾರ.”

ಮಾವನವರ ಮುಖ ಸಣ್ಣದಾಯಿತು. “ಧನುರ್ಮಾಸ ಅಂತ ಅವ್ರಿಗೂ ಗೊತ್ತದ ಅಲ್ಲ” ಎಂದರು.

“ಗೊತ್ತದ ಅಪ್ಪಾ. ಆದ್ರೂ ಒಂದು ಮಾತಿನ ದಾರಿ ನೋಡಿದ್ರು.”

ನನ್ನ ಗಂಡ ಫೋನು ಮಾಡಿ ತಿಳಿಸಿ ಹೇಳೋಣವೇ ಎಂದರು. ಆ ವಿಷಯ ಈಗ ಫೋನಿನಲ್ಲಿ ಆಡುವುದೂ ಒಂದೇ, ಎದುರಿಗೆ ಆಡುವುದೂ ಒಂದೇ, ಸಂಕ್ರಮಣವಾಗಲಿ, ನಾನೇ ಸಿಂದಗಿಗೆ ಹೋಗುತ್ತೇನೆ ಎಂದರು ಮಾವನವರು. ನೀವು ಹೋಗುವ ಹೊತ್ತಿಗೆ ಅವರೆಲ್ಲ ಬಾಗೇವಾಡಿಯಲ್ಲಿ ಇರುತ್ತಾರೆ ಎಂದು ನಾನು ಸ್ವಲ್ಪ ಜೋರಾಗಿಯೇ ಅಂದೆ. ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಕೇಕು ಕಿಟಕಿಯಲ್ಲಿ ಹಾಗೇ ಇತ್ತು, ಅಂದು ಅದನ್ನು ಯಾರೂ ಮುರಿಯಲಿಲ್ಲ.

ಮರುದಿನ ನೈವೇದ್ಯವಾದ ಮೇಲೆ ನಾದಿನಿ ಊಟಕ್ಕೆ ಬರಲಿಲ್ಲ. ನೋಡಿದರೆ ಸ್ಟೀಲಿನ ದೊಡ್ಡ ಡಬ್ಬಿಯಲ್ಲಿ ಹುಗ್ಗಿ ತುಂಬುತ್ತಿದ್ದಳು. ದಿನಾ ಉಡುವ ಹತ್ತಿ ಸೀರೆ, ಅದರ ಮೇಲೆ ಶಾಲೆಗೆ ಹಾಕಿಕೊಂಡು ಹೋಗುವ ಕಂದು ಸ್ವೆಟರು.

“ಎಲ್ಲಿಗವಾ?” ಎಂದರು ಮಾವನವರು.

“ಸಿಂದಗಿಗೆ. ಪ್ರಸಾದ ಕೊಟ್ಟು ಬರ್ತೇನಿ.”

ಹುಡುಗಿ ತಾನಾಗಿ ಗಂಡಿನ ಮನೆಯ ಹೊಸ್ತಿಲು ತುಳಿಯುವುದನ್ನು ನಮ್ಮ ಕಡೆ ಯಾರೂ ಕೇಳಿಲ್ಲ. ಮಾವನವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

“ಧನುರ್ಮಾಸದಾಗ ಪ್ರಸಾದ ಒಯ್ದು ಕೊಡಬಾರದು ಅಂತ ಎಲ್ಯರೆ ಅದ ಏನಪ್ಪಾ?” ಎಂದು ಕೇಳಿದಳು. ಕುಚೋದ್ಯವಿರಲಿಲ್ಲ ದನಿಯಲ್ಲಿ. ಶಿಷ್ಯೆಯೊಬ್ಬಳು ಮಾಸ್ತರರನ್ನು ಕೇಳುವ ಹಾಗೆ ಕೇಳಿದಳು.

ಮಾವನವರು “ಇಲ್ಲ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಒಬ್ಬಾಕಿನ್ನ ಕಳಸಬ್ಯಾಡ” ಎಂದರು. ಅತ್ತೆಯವರು ಒಳಗಿನಿಂದ ಗೊಜ್ಜಿನ ಡಬ್ಬಿ ತಂದು ಚೀಲದಲ್ಲಿಟ್ಟರು. ಹುಡುಗನಿಗೆ ಸೇರಿದೆ ಎಂದು ಅವರೂ ನೋಡಿಕೊಂಡಿದ್ದರು.

ಬಸ್ಸಿನಲ್ಲಿ ಇಬ್ಬರೂ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟು ಇಸಿದುಕೊಂಡೆವು. ಕಂಡಕ್ಟರ್ ನಮ್ಮ ಕಾಲ ಬಳಿಯ ಚೀಲ ನೋಡಿ, “ಡಬ್ಬ್ಯಾಗ ಏನೈತ್ರಿ ಅಕ್ಕಾರ, ತುಪ್ಪದ ವಾಸನಿ ಬಸ್ಸೆಲ್ಲಾ ಹಬ್ಬೇತಿ” ಎಂದ. ಬೇರೆ ದಿನವಾಗಿದ್ದರೆ ನಾನು ನಕ್ಕು ಎರಡು ಮಾತಾಡುತ್ತಿದ್ದೆ. ಕಿಟಕಿಯ ಹೊರಗೆ ಲಿಂಬೆ ತೋಟಗಳು ಮುಗಿದು ಜೋಳದ ಹೊಲಗಳು ಶುರುವಾದವು. ಕೆಲವು ಕಡೆ ತೊಗರಿ ಕೊಯ್ದು ರಾಶಿ ಮಾಡುತ್ತಿದ್ದರು. ನಾದಿನಿ ಡಬ್ಬಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಏನು ಹೇಳುತ್ತೀ ಅಲ್ಲಿ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಇವಳಿಗೆ ಅಲ್ಲಿ ಅವಮಾನವಾದರೆ ನಾನೇನು ಮಾಡಲಿ ಎಂಬುದೊಂದೇ ನನಗೆ ಯೋಚನೆ.

ಸಿಂದಗಿಯಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮಗ ಶಾಲೆಗೆ ಹೋಗಿದ್ದ. ಸರ್ಕಾರಿ ಶಾಲೆಗೆ ಕ್ರಿಸ್‌ಮಸ್ಸಿನದೊಂದೇ ದಿನದ ಸೂಟಿ, ಅದು ನಿನ್ನೆಗೆ ಮುಗಿದಿತ್ತು. ರಾಯರು ಪೇಟೆಗೆ ಹೋಗಿದ್ದರು. ಕಾಕು ಒಬ್ಬರೇ ಅಂಗಳದ ಬಿಸಿಲಿನಲ್ಲಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ನಮ್ಮನ್ನು ಕಂಡು ಏಳಲು ಹೋಗಿ ಮೊಣಕಾಲು ಹಿಡಿದುಕೊಂಡರು.

“ಏಳಬ್ಯಾಡ್ರಿ ಕಾಕು” ಎನ್ನುತ್ತ ನಾದಿನಿ ಅವರ ಎದುರಿಗೇ ನೆಲದ ಮೇಲೆ ಕೂತಳು. “ಪ್ರಸಾದ ತಂದೇನ್ರಿ.”

“ನಿನ್ನೇನ ಉಂಡೇವಲ್ಲವಾ” ಎಂದರು ಅವರು. ದನಿ ಬಿಗಿಯಾಗಿತ್ತು. ಮೊರದ ಮೇಲೆ ಬೆರಳು ಓಡುತ್ತಲೇ ಇತ್ತು.

“ನಿನ್ನೆ ನೀವು ಉಂಡ್ರಿ. ನಾ ನಿಮ್ಮ ಕೂಡ ಮಾತಾಡಲಿಲ್ಲ. ಮಡ್ಯಾಗ ಇದ್ದೆ. ಅಪ್ಪ ಯಾರೂ ಏನೂ ಆಡಬಾರದು ಅಂತ ಎಲ್ಲಾರಿಗೂ ಹೇಳಿದ್ರು, ಧನುರ್ಮಾಸ ಅಂತ. ನಮ್ಮ ಮನಿಯವ್ರಿಗೆ ಮನಸಿಲ್ಲ ಅಂತ ಅಲ್ಲರಿ. ಅವ್ರು ರಾತ್ರಿ ಯಾರೂ ನಿದ್ದಿ ಮಾಡಿಲ್ಲ.” ಅವಳು ಒಂದು ಕ್ಷಣ ನಿಲ್ಲಿಸಿದಳು. “ನನಗೂ ಮನಸದ. ಅದನ್ನ ಮಂದಿ ಕೈಲೆ ಹೇಳಿ ಕಳಸೂದಕಿಂತ ನಾನೇ ಹೇಳಬೇಕು ಅನಸ್ತು.”

“ಈ ತಿಂಗಳಾಗ ಇಂಥಾ ಮಾತು ಆಡಬಾರದವಾ.”

“ಹೌದ್ರಿ. ಪಾಪ ಬಂದ್ರ ನನಗs ಬರ್ಲಿ.”

ನನ್ನ ನಾದಿನಿಯ ಮೇಲೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ, ಅಷ್ಟು ಹೆದರಿಕೆಯೂ ಆಗಿರಲಿಲ್ಲ. ಕಾಕುವಿನ ಬೆರಳು ನಿಂತಿತು. ಅವಳ ಮುಖವನ್ನು ನೋಡಿದರು. ಸಾವಕಾಶವಾಗಿ, ಹಣೆಯಿಂದ ಗದ್ದದ ತನಕ. ಎಷ್ಟೋ ಮಂದಿ ಅವಳನ್ನು ಹಾಗೆ ನೋಡಿ ಹೋಗಿದ್ದರು. ಆದರೆ ಈ ಸಲ ಅವಳೂ ಅವರನ್ನು ಹಾಗೆಯೇ ನೋಡುತ್ತಿದ್ದಳು.

ಅವರು ಮೊರ ಬದಿಗಿಟ್ಟು ಡಬ್ಬಿಯ ಮುಚ್ಚಳ ತೆಗೆದರು. ಬೆರಳತುದಿಯಲ್ಲಿ ಸ್ವಲ್ಪ ಹುಗ್ಗಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ನನಗೆ, “ಒಳಗ ಚಹಾದ ಡಬ್ಬಿ ಹತ್ರ ಫೋನ್ ಅದ, ತೊಗೊಂಡು ಬಾ” ಎಂದರು. ತಂದುಕೊಟ್ಟೆ. ಯಾರಿಗೋ ಹಚ್ಚಿ ಕಿವಿಗೆ ಒತ್ತಿ ಹಿಡಿದರು.

“ಅಣ್ಣಾ, ನಾನು. ಸಂಕ್ರಮಣ ಆದಮ್ಯಾಲೆ ನಾವು ಬಾಗೇವಾಡಿಗೆ ಬರೂದಿಲ್ಲಪಾ.”

ಆ ಕಡೆಯಿಂದ ಗಂಡು ದನಿ ಬಹಳ ಹೊತ್ತು ಮಾತಾಡಿತು. ಕಾಕು ನೆಲ ನೋಡುತ್ತ ಕೇಳಿಸಿಕೊಂಡರು.

“ಕಾರಣ ಈಗ ಹೇಳ್ಲಿಕ್ಕೆ ಬರೂದಿಲ್ಲ, ಧನುರ್ಮಾಸ ಅದ. ಬಯ್ಯೂದಿದ್ರ ಸಂಕ್ರಮಣಕ್ಕ ಬಂದು ಬೈ… ಹೂಂ… ಆ ಹುಡುಗಿ ಮನಿಯವ್ರಿಗೆ ಮಾತ್ರ ಇವತ್ತs ಹೇಳಿಬಿಡು. ಸುಮ್ಮ ದಾರಿ ನೋಡೂದು ಬ್ಯಾಡ, ಪಾಪ.”

ಫೋನು ಕೆಳಗಿಟ್ಟು ನಮಗೆ ಕೈಕಾಲು ತೊಳೆದುಕೊಳ್ಳಲು ಹೇಳಿದರು. ಊಟ ಮಾಡಿಕೊಂಡೇ ಹೋಗಬೇಕೆಂದರು. ನಾನು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಯಾರಿಗೂ ಕೇಳಿಸದಂತೆ ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹೊರಗೆ ಬಂದಾಗ ನಾದಿನಿ ಅಂಗಳದಲ್ಲಿ ಕೂತಲ್ಲೇ ಕೂತಿದ್ದಳು. ಕಾಕು ಒಳಗೆ ಎಲೆ ಹಾಕುತ್ತಿದ್ದರು. ಎಲ್ಲ ನಾವು ಬಯಸಿದ ಹಾಗೇ ಆಗಿತ್ತು, ಅವಳ ಮುಖದಲ್ಲಿ ನಗು ಇರಬೇಕಾಗಿತ್ತು. ಕಣ್ಣಿನಿಂದ ಸುಮ್ಮನೆ ನೀರು ಇಳಿಯುತ್ತಿತ್ತು.

“ಏನಾತು?” ಎಂದು ಪಕ್ಕದಲ್ಲಿ ಕೂತೆ.

“ಬಾಗೇವಾಡ್ಯಾಗ ಆ ಹುಡುಗಿ ಮನ್ಯಾಗ ಈಗ ಫೋನ್ ಬಾರಸ್ತದ, ವೈನಿ” ಎಂದಳು. “ಎಲ್ಲಾರೂ ಆಕಿ ಮಾರಿ ನೋಡ್ತಾರ.”